ನಗರದ ನಡುವಿನ ಐಸ್ ರಿಂಕ್‌ಗಳು ಏಕೆ ಮುಚ್ಚುತ್ತಿವೆ?

ಪ್ರಶ್ನೆ (ನೀರ್ಚಾಲಿನ ನಿವೃತ್ತ ಅಧ್ಯಾಪಕ):
ಲಂಡನಿನಲ್ಲಿ ನೆಲೆಸಿರುವ ನನ್ನ ತಂಗಿಯ ಮಗಳು ಮಕ್ಕಳನ್ನು ಸ್ಕೇಟಿಂಗ್ ಅಭ್ಯಾಸಕ್ಕೆ ಬಲು ದೂರ ಕರೆದೊಯ್ಯಬೇಕಾಗಿದೆ. ಅವರ ಮನೆಯ ಸಮೀಪ 1928ರಲ್ಲಿ ಆರಂಭವಾಗಿದ್ದ ರಿಚ್ಮಂಡ್ ರಿಂಕ್ (ಸ್ಕೇಟಿಂಗಿಗೆಂದು ಮಂಜುಗಡ್ಡೆ ಹಾಸಿದ ಅಂಗಣ) 1992ರಲ್ಲಿಯೇ ಮುಚ್ಚಿತಂತೆ. ಚಳಿಯ ದೇಶದಲ್ಲಿ ಮಂಜುಗಡ್ಡೆಗೆ ಬರ ಬಂದದ್ದಾದರೂ ಹೇಗೆ? ಆಡುವವರು ಕಡಿಮೆಯಾದರೋ, ನಡೆಸುವುದು ದುಬಾರಿಯಾಯಿತೋ, ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1 (ಮಂಜೇಶ್ವರದ ಐಸ್ ಪ್ಲಾಂಟ್ ಕೆಲಸಗಾರ):
ಮಾಷ್ಟ್ರೇ, ಒಳಾಂಗಣ ರಿಂಕಿನ ಮಂಜಿಗೂ ಹೊರಗಿನ ಚಳಿಗೂ ಹೆಚ್ಚಿನ ಸಂಬಂಧವಿಲ್ಲ. ಅದು ಮೀನಿಗಾಗಿ ನಾವು ತಯಾರಿಸುವ ಮಂಜುಗಡ್ಡೆಯ ಹಾಗೆ ಯಂತ್ರದಿಂದಲೇ ಆಗುವಂಥದ್ದು. ನಮ್ಮಲ್ಲಿ ಅಮೋನಿಯಾ ಕಂಪ್ರೆಸರಿನಿಂದ ಸೊನ್ನೆಗಿಂತ ಕೆಳಗೆ ತಣಿಸಿದ ಉಪ್ಪುನೀರಿನ ಟ್ಯಾಂಕಿಗೆ ಕ್ಯಾನುಗಳನ್ನು ಇಳಿಸುತ್ತೇವೆ. ಒಳಗಿನ ಸಿಹಿನೀರು ಅಂಚಿನಿಂದ ಗಟ್ಟಿಯಾಗುತ್ತ ಬಂದು ಕೊನೆಗೆ ನಡುವಿನಲ್ಲಿ ಬಿಳಿಯ ತಿರುಳೊಂದು ಉಳಿಯುತ್ತದೆ. ಅನೇಕ ರಿಂಕ್‌ಗಳಲ್ಲಿ ಅಂಥದೇ ಉಪ್ಪುನೀರು ಕಾಂಕ್ರೀಟ್ ನೆಲದೊಳಗಿನ ಕೊಳವೆಗಳಲ್ಲಿ ಹರಿಯುತ್ತದೆ, ಅದರ ಮೇಲೆ ಮೂರು-ನಾಲ್ಕು ಸೆಂಟಿಮೀಟರ್ ದಪ್ಪದ ಮಂಜು ನಿಲ್ಲುತ್ತದೆ. ದೋಣಿಗಳ ಬಲೆ ಮೀನುಗಾರಿಕೆ ನಿಲ್ಲಿಸುವ ಟ್ರಾಲಿಂಗ್ ನಿಷೇಧದ ಕಾಲದಲ್ಲಿ ಬೇಡಿಕೆ ಇಳಿದಾಗ ನಾವು ಉತ್ಪಾದನೆ ತಗ್ಗಿಸಬಹುದು. ರಿಂಕಿನವರು ಆಡುವವರಿಲ್ಲದ ರಾತ್ರಿಯಲ್ಲಿಯೂ ಮಂಜನ್ನು ಕಾಯಬೇಕು, ವಿದ್ಯುತ್ ಬಿಲ್ಲನ್ನೂ ಕಟ್ಟಬೇಕು. ಇದರ ಜೊತೆಗೆ ತಣಿಸುವ ಯಂತ್ರಗಳಲ್ಲಿ ಬಳಸುವ ಆರ್-22 ಅನಿಲದ ತಯಾರಿಕೆಯೂ ಆಮದೂ ಅಮೆರಿಕದಲ್ಲಿ 2020ರಿಂದ ನಿಂತುಹೋದುದರಿಂದ, ಅದನ್ನೇ ನಂಬಿದ್ದ ಹಳೆಯ ರಿಂಕ್‌ಗಳಿಗೆ ಯಂತ್ರ ಬದಲಿಸುವ ಖರ್ಚೂ ಬಿತ್ತು. ಅಮೋನಿಯಾ ಅಗ್ಗವೇ, ಆದರೆ ಸೋರಿದರೆ ಪ್ರಾಣಕ್ಕೆ ಎರವು: 2017ರಲ್ಲಿ ಕೆನಡಾದ ಫರ್ನಿ ಎಂಬಲ್ಲಿ ರಿಂಕಿನಲ್ಲಿಯೇ ಮೂವರು ತೀರಿಕೊಂಡರು.

ಉತ್ತರ 2 (ಕಾಸರಗೋಡಿನ ಓದುಗರು):
ಯಂತ್ರದ ಖರ್ಚನ್ನು ಅಲ್ಲಗಳೆಯುವುದಿಲ್ಲ, ಆದರೆ ನನ್ನ ಅಭಿಪ್ರಾಯದಲ್ಲಿ ನಿರ್ಣಾಯಕವಾದದ್ದು ನೆಲದ ಬೆಲೆ. ಥೇಮ್ಸ್ ನದಿಯ ದಡದ ರಿಚ್ಮಂಡ್ ರಿಂಕಿನ ಜಾಗದಲ್ಲಿ ಈಗ ಮನೆಗಳಿವೆ. ಗಂಟೆಗಿಷ್ಟೆಂದು ಟಿಕೇಟು ಹರಿದು ಬರುವ ಹಣ ಫ್ಲ್ಯಾಟುಗಳ ಮಾರಾಟಕ್ಕೆ ಎಂದಾದರೂ ಸಾಟಿಯಾದೀತೆ? ಇದಕ್ಕೆ ತದ್ವಿರುದ್ಧವಾಗಿ ಅದೇ ಲಂಡನಿನ ಸ್ಟ್ರೆಥಮ್‌ನಲ್ಲಿ 1931ರ ರಿಂಕನ್ನು 2011ರಲ್ಲಿ ಮುಚ್ಚಿ, ಟೆಸ್ಕೋ ಮಳಿಗೆಯೂ ಮನೆಗಳೂ ಎದ್ದ ಯೋಜನೆಯೊಳಗೇ ಹೊಸ ರಿಂಕನ್ನೂ ಸೇರಿಸಿ 2013ರಲ್ಲಿ ತೆರೆದರು; ನಡುವಿನ ಅವಧಿಗೆ ಬ್ರಿಕ್ಸ್ಟನ್‌ನಲ್ಲಿ ತಾತ್ಕಾಲಿಕ ರಿಂಕ್ ಕೂಡ ಇತ್ತು. ಆಟದ ಜಾಗವನ್ನು ಯೋಜನೆಯಲ್ಲಿಯೇ ಬರೆದಿಟ್ಟರೆ ಮಾತ್ರ ಅದು ಉಳಿಯುತ್ತದೆ. (ಕೊಯಿಲಾದ ಮೇಲೆ ನಮ್ಮ ಮಕ್ಕಳು ಆಡುವ ಬೈಲುಗದ್ದೆಗೂ 2008ರ ಕೇರಳದ ಕಾನೂನಿನ ರಕ್ಷಣೆ ಇರುವುದು ಭತ್ತದ ಹೆಸರಿನಲ್ಲಿಯೇ ಹೊರತು ಆಟದ ಹೆಸರಿನಲ್ಲಲ್ಲ.)

ಉತ್ತರ 3 (ಬದಿಯಡ್ಕ):
ತೆರೆದ ಬಯಲಿನ ರಿಂಕ್‌ಗಳಿಗೆ ಮಾತ್ರ ಹವೆಯೇ ಶತ್ರು. ಕೆನಡಾದ ಒಟ್ಟಾವಾ ನಗರದ ನಡುವೆ ಹಾದುಹೋಗುವ ರೀಡೋ ಕಾಲುವೆಯ 7.8 ಕಿಲೋಮೀಟರ್ ಉದ್ದದ ಸ್ಕೇಟಿಂಗ್ ದಾರಿ 2022-23ರ ಚಳಿಗಾಲದಲ್ಲಿ ಮೊದಲ ಬಾರಿಗೆ ತೆರೆಯಲೇ ಇಲ್ಲ. ಮಾಷ್ಟ್ರೇ, ನಿಮ್ಮ ತಂಗಿಯ ಮಗಳಿಗೆ ಸ್ಟ್ರೆಥಮ್ ರಿಂಕಿನ ವೇಳಾಪಟ್ಟಿಯನ್ನು ವಿಚಾರಿಸಲು ಹೇಳಿ. ಮಕ್ಕಳ ತರಗತಿಯ ಹೊತ್ತು ಹೊಂದಿಕೆಯಾದರೆ ಪ್ರಯಾಣದ ಲೆಕ್ಕವನ್ನು ಆಮೇಲೆ ಹಾಕಬಹುದು.