ಒಂದನೇ ಕ್ಲಾಸ್ ಹುಡ್ಗಿ ಬಾಯೇ ಬಿಡ್ತಿಲ್ಲ, ಏನ್ಮಾಡ್ಲಿ?

ನನ್ ಕ್ಲಾಸಲ್ಲಿ ನಾಲ್ಕೈದು ಭಾಷೆ ಮಕ್ಕಳಿದಾರೆ, ಕೆಲವ್ರು ಆಗ್ಲೇ ಕಥೆಪುಸ್ತಕ ಓದ್ತಾರೆ ಇನ್ ಕೆಲವ್ರಿಗೆ ಪೆನ್ಸಿಲ್ ಹಿಡಿಯೋಕೇ ಬರಲ್ಲ, ಅದ್ರಲ್ಲಿ ಹೊಸದಾಗಿ ಸೇರಿದ ಹುಡ್ಗಿ ಒಂದ್ ಮಾತೂ ಆಡ್ತಿಲ್ಲ. ಟೆನ್ಷನ್ ಆಗ್ತಿದೆ.

ಉತ್ತರ 1: ಗಾಬರಿ ಬೇಡ ಮೇಡಂ. ಹೊಸ ಭಾಷೆ ಕಲಿಯೋ ಎಷ್ಟೋ ಮಕ್ಕಳು ವಾರಗಟ್ಲೆ, ಒಮ್ಮೊಮ್ಮೆ ತಿಂಗಳುಗಟ್ಲೆ ಬರೀ ಕೇಳಿಸ್ಕೊಳ್ತಾರೆ. ಕೆಂಪು ಕ್ರೇಯಾನ್ ಕೊಡು ಅಂದಾಗ ಸರಿಯಾಗಿ ಎತ್ಕೊಟ್ರೆ ಅರ್ಥ ಆಗ್ತಿದೆ ಅಂತ್ಲೇ. ಎಲ್ರ ಮುಂದೆ ನಿಲ್ಸಿ ಮಾತಾಡ್ಸೋಕೆ ಮಾತ್ರ ಹೋಗ್ಬೇಡಿ.

ಉತ್ತರ 2: ಟೈಮ್‌ಟೇಬಲನ್ನ ಚಿತ್ರದಲ್ಲಿ ಹಾಕಿ. ಪಕ್ಕದಲ್ಲಿ ಸಮಾಧಾನದ ಮಗು ಕೂರ್ಸಿ, ತೀರಾ ಚೂಟಿ ಇದ್ರೆ ಇವಳ ಉತ್ರಾನೂ ಅದೇ ಹೇಳ್ಬಿಡತ್ತೆ 😄

ಉತ್ತರ 3: ಮನೇಲಿ ಮಾತಾಡ್ತಾಳಾ ಕೇಳಿ. ಅಲ್ಲೂ ಇಲ್ಲಾಂದ್ರೆ ಕಿವಿ ಟೆಸ್ಟ್ ಮಾಡ್ಸೋದು ಒಳ್ಳೇದು.

ಕೇಳಿದವರು: ಮನೇಲಿ ಪಟಪಟ ಅಂತಾಳಂತೆ! ಚಿತ್ರದ ಟೈಮ್‌ಟೇಬಲ್ ನಾಳೇನೇ ಹಾಕ್ತೀನಿ.