ಹೆಂಡತಿಗೆ ಉಡುಗೊರೆಯಾಗಿ ಸಾಂಪ್ರದಾಯಿಕ ಬಿಲ್ಲು: ಎಷ್ಟು ಪೌಂಡಿನದು ಸರಿ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ನನ್ನ ಹೆಂಡತಿ ಎಂಟು ತಿಂಗಳಿಂದ ತರಬೇತಿ ಕೇಂದ್ರದ ಬಿಲ್ಲಿನಲ್ಲಿ ಅಭ್ಯಾಸ ಮಾಡುತ್ತಿದ್ದಾಳೆ. ಗುರಿ ತೋರಿಸುವ ಉಪಕರಣಗಳೇನೂ ಇಲ್ಲದ ಮರದ ಸಾದಾ ಬಿಲ್ಲೊಂದು ತನಗೆ ಬೇಕೆಂದು ಅವಳು ಹಲವು ಬಾರಿ ಹೇಳಿರುವುದರಿಂದ, ನಮ್ಮ ಮದುವೆಯ ಹತ್ತನೆಯ ವಾರ್ಷಿಕೋತ್ಸವಕ್ಕೆ ಅದನ್ನೇ ಕೊಡಬೇಕೆಂದಿದ್ದೇನೆ. 40 ಪೌಂಡಿನದನ್ನು ಕೊಂಡರೆ ಬಹಳ ವರ್ಷ ಬದಲಿಸಬೇಕಾಗಿಲ್ಲ ಎಂದು ಅಂಗಡಿಯವರು ಹೇಳುತ್ತಾರೆ. ಅವಳ ಎತ್ತರ 5 ಅಡಿ 3 ಇಂಚು. ಈ ಸಲಹೆ ಸರಿಯೇ?

ಉತ್ತರ 1:
ದಯವಿಟ್ಟು 40 ಪೌಂಡಿನದನ್ನು ಕೊಳ್ಳಬೇಡಿ. ಬಿಲ್ಲಿನ ಮೇಲೆ ಬರೆದಿರುವ ಪೌಂಡು, ಹೆದೆಯನ್ನು ಸಾಮಾನ್ಯವಾಗಿ 28 ಇಂಚು ಎಳೆದು ಹಿಡಿಯಲು ಬೇಕಾಗುವ ಬಲ. ಎರಡೂ ಕೈಗಳನ್ನು ಚಾಚಿ ನಿಂತಾಗ ಬೆರಳ ತುದಿಯಿಂದ ಬೆರಳ ತುದಿಗೆ ಇರುವ ಅಳತೆಯನ್ನು 2.5ರಿಂದ ಭಾಗಿಸಿದರೆ ಅವರು ಎಳೆಯುವ ಉದ್ದ ಸುಮಾರಾಗಿ ತಿಳಿಯುತ್ತದೆ, 160 ಸೆಂ.ಮೀ. ಇದ್ದರೆ 64 ಸೆಂ.ಮೀ., ಅಂದರೆ 25 ಇಂಚಿಗಿಂತ ತುಸು ಹೆಚ್ಚು. ಒಂದು ಇಂಚು ಕಡಿಮೆಯಾದರೆ ಸುಮಾರು ಎರಡು ಪೌಂಡು ಇಳಿಯುತ್ತದೆಯಾದರೂ, ಆ ಬಿಲ್ಲು ಅವರ ಕೈಯಲ್ಲಿ 34 ಪೌಂಡಿನ ಆಸುಪಾಸಿನಲ್ಲೇ ಇರುತ್ತದೆ. ಎಂಟು ತಿಂಗಳು ಕಲಿತವರಿಗೆ ಅದು ಹೆಚ್ಚಾಯಿತು. ಭುಜ ನೋಯುವುದು ಒಂದು ಕಡೆಯಾದರೆ, ಎಳೆದ ಕೈ ಗಲ್ಲದ ಬಳಿ ಬಂದು ನಿಲ್ಲುವ ಮೊದಲೇ ಬಾಣ ಬಿಟ್ಟುಬಿಡುವ ಚಾಳಿ ಅಂಟಿಕೊಳ್ಳುತ್ತದೆ. ನನಗೆ ಅಂಟಿದ ಆ ಚಾಳಿಯನ್ನು ಬಿಡಿಸಿಕೊಳ್ಳಲು ಎರಡು ವರ್ಷ ಬೇಕಾಯಿತು. ಮರದ ಹಿಡಿಯಿಂದ ತೋಳುಗಳನ್ನು (ಹಿಡಿಯ ಮೇಲೂ ಕೆಳಗೂ ಇರುವ, ಬಾಗುವ ಭಾಗಗಳನ್ನು) ಬಿಚ್ಚಬಹುದಾದ 62 ಅಥವಾ 64 ಇಂಚಿನ ರಿಕರ್ವ್ (ತುದಿಗಳು ಮುಂದಕ್ಕೆ ಬಾಗಿರುವ) ಬಿಲ್ಲನ್ನು 26 ಪೌಂಡಿನ ತೋಳುಗಳೊಂದಿಗೆ ಕೊಳ್ಳಿ. ಬಲ ಬಂದ ಮೇಲೆ ತೋಳುಗಳನ್ನಷ್ಟೇ ಬದಲಿಸಬಹುದು.

ಉತ್ತರ 2:
ಅವರು ಯಾವ ಕೈಯಿಂದ ಹೆದೆ ಎಳೆಯುತ್ತಾರೆಂಬುದನ್ನೂ ನೋಡಿಕೊಳ್ಳಿ. ಬರೆಯುವ ಕೈಯನ್ನು ನೋಡಿ ತೀರ್ಮಾನಿಸಬೇಡಿ. ಎಷ್ಟೋ ತರಬೇತುದಾರರು ಗುರಿ ಹಿಡಿಯುವಲ್ಲಿ ಯಾವ ಕಣ್ಣು ಮುಂದೆಂಬುದನ್ನು ನೋಡಿ ಕೈ ನಿರ್ಧರಿಸುತ್ತಾರೆ. ಎಡಗೈ ಬಿಲ್ಲೆಂದರೆ ಎಡಗೈಯಿಂದ ಹೆದೆ ಎಳೆಯುವ, ಬಲಗೈಯಲ್ಲಿ ಹಿಡಿಯುವ ಬಿಲ್ಲು. ಬಾಣಗಳನ್ನು ಈಗಲೇ ಕೊಳ್ಳಬೇಡಿ. ಅವುಗಳ ಉದ್ದ ಮತ್ತು ಬಿಗಿ ಬಿಲ್ಲಿನ ಬಲಕ್ಕೂ ಅವರ ಎಳೆತಕ್ಕೂ ಹೊಂದಬೇಕು.

ಉತ್ತರ 3:
ನಮ್ಮ ರಾಷ್ಟ್ರೀಯ ಸ್ಪರ್ಧೆಗಳ ಇಂಡಿಯನ್ ರೌಂಡ್ ವಿಭಾಗದಲ್ಲಿ ಬಳಸುವಂಥ ಬಿದಿರಿನ ಬಿಲ್ಲನ್ನೂ ಒಮ್ಮೆ ನೋಡಿ. ಸಾದಾತನವೇ ಅವರಿಗೆ ಇಷ್ಟವಾಗಿದ್ದರೆ ಅದು ಮನಸ್ಸಿಗೆ ಹಿಡಿಸಬಹುದು. ಯಾವುದನ್ನೇ ಕೊಂಡರೂ ಹೆದೆ ಏರಿಸುವ ಹಗ್ಗವನ್ನು ಜೊತೆಗೆ ಕೊಡಿ. ಕಾಲಿಗೆ ಒತ್ತಿ ಬಗ್ಗಿಸಿ ಹೆದೆ ಏರಿಸಿದರೆ ಬಿಲ್ಲಿನ ತೋಳು ತಿರುಚಿಕೊಳ್ಳಬಹುದು. ಮನೆಗೆ ಬಂದ ನೆಂಟರು ಬಾಣವಿಲ್ಲದೆ ಹೆದೆ ಎಳೆದು ಬಿಡದಂತೆಯೂ ನೋಡಿಕೊಳ್ಳಿ, ಬಿಲ್ಲು ಸೀಳಬಹುದು.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಅವಳು ಬರೆಯುವುದು ಬಲಗೈಯಲ್ಲಿ; ಆದರೆ ಅಭ್ಯಾಸದ ಚಿತ್ರಗಳನ್ನು ತೆಗೆದು ನೋಡಿದಾಗ ಎಲ್ಲದರಲ್ಲೂ ಎಡಗೈಯಿಂದಲೇ ಹೆದೆ ಎಳೆದಿದ್ದಾಳೆ. 62 ಇಂಚಿನ, 26 ಪೌಂಡಿನ ಎಡಗೈ ಬಿಲ್ಲನ್ನೂ ಹೆದೆ ಏರಿಸುವ ಹಗ್ಗವನ್ನೂ ಹೇಳಿಟ್ಟಿದ್ದೇನೆ. ಬಾಣಗಳನ್ನು ಕೊಳ್ಳಲು ಅವಳ ಜೊತೆಯಲ್ಲೇ ಹೋಗುತ್ತೇನೆ.