ಅಪ್‌ಡೇಟ್: ಮೂರು ವರ್ಷಗಳ ಖಿನ್ನತೆಗೆ ಕೊನೆಗೂ ಸಿಕ್ಕ ಸರಿಯಾದ ಹೆಸರು

ಮೂರು ವರ್ಷಗಳಿಂದ ಖಿನ್ನತೆಗೆ ಎರಡು ಬಗೆಯ ಮಾತ್ರೆಗಳನ್ನು ತೆಗೆದುಕೊಂಡರೂ ಏಕೆ ಗುಣವಾಗುತ್ತಿಲ್ಲ ಎಂದು 50 ದಿನಗಳ ಹಿಂದೆ ಕೇಳಿದ್ದೆ. ಥೈರಾಯ್ಡ್ ಮತ್ತು ಬಿ12 ಪರೀಕ್ಷೆ ಮಾಡಿಸಿ ಎಂದು ಹಲವರು ಹೇಳಿದ್ದಿರಿ. ಮಾಡಿಸಿದೆ, ಎರಡೂ ಸರಿಯಾಗಿದ್ದವು. ನೀವು ಸೂಚಿಸಿದ ಬೆಳಗಿನ ನಡಿಗೆಯನ್ನು ನಾಲ್ಕನೆಯ ದಿನಕ್ಕೇ ಕೈಬಿಟ್ಟೆ, ಏಕೆಂದರೆ ಹಾಸಿಗೆಯಿಂದ ಏಳುವುದೇ ಆಗ ನನ್ನಿಂದ ಸಾಧ್ಯವಿರಲಿಲ್ಲ.

ದಾರಿ ತೋರಿಸಿದ್ದು, ವೈದ್ಯರ ಬಳಿಗೆ ಮನೆಯವರೊಬ್ಬರನ್ನು ಜೊತೆಗೆ ಕರೆದೊಯ್ಯಿರಿ ಎಂಬ ಸಲಹೆ. ನಾನು ಯಾವಾಗಲೂ ಒಬ್ಬಳೇ ಹೋಗಿ ದುಃಖದ ದಿನಗಳನ್ನಷ್ಟೇ ಹೇಳುತ್ತಿದ್ದೆ. ಈ ಸಲ ಹೊಸ ಮನೋವೈದ್ಯರು ಅಕ್ಕನನ್ನು ಪ್ರತ್ಯೇಕವಾಗಿ ಮಾತನಾಡಿಸಿದಾಗ, ವರ್ಷಕ್ಕೆ ಒಂದೆರಡು ಬಾರಿ ಐದಾರು ದಿನಗಳ ಕಾಲ ನಾನು ಮೂರೇ ಗಂಟೆ ನಿದ್ದೆ ಮಾಡಿಯೂ ದಣಿಯದೆ, ಎಡೆಬಿಡದೆ ಮಾತನಾಡುತ್ತ, ಸಾಲ ಮಾಡಿ ಸೀರೆ ಕೊಳ್ಳುತ್ತಿದ್ದುದನ್ನು ಅವಳು ವಿವರಿಸಿದಳು. ಅದನ್ನು ನಾನು ಚೇತರಿಕೆಯೆಂದೇ ನಂಬಿದ್ದೆ! ಎಲ್ಲವನ್ನೂ ಕೇಳಿದ ವೈದ್ಯರು, ಇದು ಖಿನ್ನತೆಯ ನಡುವೆ ಆಗಾಗ ಹೀಗೆ ಅತಿ ಉತ್ಸಾಹದ ದಿನಗಳೂ ಬರುವ ಬೈಪೋಲಾರ್ ಕಾಯಿಲೆಯ ಎರಡನೆಯ ಬಗೆಯೆಂದೂ, ಇದಕ್ಕೆ ಖಿನ್ನತೆಯ ಮಾತ್ರೆಯೊಂದೇ ಸಾಲದೆಂದೂ ತಿಳಿಸಿದರು.

ಮನಸ್ಸಿನ ಏರಿಳಿತವನ್ನು ಹತೋಟಿಗೆ ತರುವ ಲಿಥಿಯಂ ಔಷಧ ಆರಂಭಿಸಿ ನಾಲ್ಕು ವಾರಗಳಾದವು. ಹಳೆಯ ಮಾತ್ರೆಯನ್ನು ಅವರೇ ಹಂತಹಂತವಾಗಿ ಇಳಿಸಿದರು. ರಕ್ತದಲ್ಲಿ ಲಿಥಿಯಂ ಮಟ್ಟವನ್ನೂ ಮೂತ್ರಪಿಂಡ, ಥೈರಾಯ್ಡ್‌ಗಳನ್ನೂ ಆಗಾಗ ಪರೀಕ್ಷಿಸುತ್ತಿರಬೇಕು. ಐಬುಪ್ರೊಫೆನ್‌ನಂತಹ ನೋವಿನ ಮಾತ್ರೆಯು ಆ ಮಟ್ಟವನ್ನು ಅಪಾಯಕಾರಿಯಾಗಿ ಏರಿಸಬಹುದೆಂಬುದು ನನಗೆ ತಿಳಿದೇ ಇರಲಿಲ್ಲ. ನಿದ್ದೆ ಸರಿಹೋಗಿದೆ, ಬೇಸರ ಇನ್ನೂ ಪೂರ್ತಿ ಹೋಗಿಲ್ಲ. ಒಂದು ರಾತ್ರಿ ಬಹಳ ಕಷ್ಟವಾದಾಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಿದೆ. ಆ ಸಂಖ್ಯೆ ಕೊಟ್ಟವರಿಗೆ ನಾನು ಋಣಿ.